ಎಕ್ಸ್‌ಪ್ರೆಸ್‌ವೇಯಲ್ಲಿ ಮುರಿದ ಕಾನ್‌ರಾಡ್: ಎಂಜಿನ್ನಿನ ಬಾಟಮ್ ಎಂಡ್ ಗಟ್ಟಿ ಮಾಡೋದು ಅಂದ್ರೆ ಏನು?

ಕಳೆದ ವಾರದ ವೀಡಿಯೊದ ಪಠ್ಯ ಇದು. ಮಾತಿನ ಮಧ್ಯೆ ಬಂದ 'ಅದೇನಂದ್ರೆ', 'ಆಮೇಲೆ'ಗಳನ್ನ ಕತ್ತರಿಸಿದ್ದೀನಿ. ಬೋರ್ಡ್ ಮೇಲೆ ಗೀಚಿದ ಲೆಕ್ಕ ಕ್ಯಾಮೆರಾದಲ್ಲಿ ಸರಿಯಾಗಿ ಕಾಣಿಸಲಿಲ್ಲ ಅಂತ ತುಂಬಾ ಜನ ಬರೆದಿದ್ರಿ, ಅದನ್ನ ಇಲ್ಲಿ ಬಿಡಿಸಿ ಬರೆದಿದ್ದೀನಿ.

ಅಹಮದಾಬಾದ್–ವಡೋದರಾ ಎಕ್ಸ್‌ಪ್ರೆಸ್‌ವೇ ಇಲ್ಲಿರೋ ನಮಗೆಲ್ಲ ಗೊತ್ತು. 93 ಕಿಲೋಮೀಟರ್, ನೇರ ದಾರಿ, ಕಾಲು ತಾನಾಗೇ ಭಾರ ಆಗುತ್ತೆ. ಹೋದ ಮೇ ತಿಂಗಳಲ್ಲಿ ಹಾಸನದ ನನ್ನ ಗೆಳೆಯನೊಬ್ಬ ಹೆಂಡತಿ, ಇಬ್ಬರು ಮಕ್ಕಳನ್ನ ಕರಕೊಂಡು ಸೂರತ್‌ಗೆ ಒಂದು ಗೃಹಪ್ರವೇಶಕ್ಕೆ ಹೊರಟಿದ್ದ. ಒಂದು ಲೀಟರಿನ, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಗಾಡಿ. ಮೂರು ತಿಂಗಳ ಹಿಂದೆ ಇಸಿಯು ರಿಮ್ಯಾಪ್ ಮಾಡಿಸಿದ್ದ. 170 ನ್ಯೂಟನ್ ಮೀಟರ್ ಇದ್ದ ಟಾರ್ಕ್ 230 ಆಗಿತ್ತು. "ಗುರು, ಈಗ ಗೇರೇ ಇಳಿಸಬೇಕಾಗಿಲ್ಲ, ಆರನೇ ಗೇರಲ್ಲೇ ಎಳಿಯುತ್ತೆ ಕಣೋ" ಅಂತ ಖುಷಿಯಾಗಿ ಹೇಳಿದ್ದ. ಈ ಮಾತು ನೆನಪಿಟ್ಟುಕೊಳ್ಳಿ, ಕಥೆಯ ಅರ್ಧ ಇದರಲ್ಲೇ ಇದೆ.

ನಡಿಯಾದ್ ದಾಟಿದ ಮೇಲೆ ಕೆಳಗಿನಿಂದ ಟಕ ಟಕ ಅಂತ ಸದ್ದು ಶುರುವಾಯ್ತು. ಟೈರಿಗೆ ಕಲ್ಲು ಸಿಕ್ಕಿರಬೇಕು ಅಂದುಕೊಂಡ. ಐದೇ ನಿಮಿಷ. ಧಡಾರ್ ಅಂತ ಒಂದು ಏಟು, ಸ್ಟೇರಿಂಗ್ ಕಲ್ಲಿನ ಹಾಗೆ ಗಟ್ಟಿ, ಹಿಂದೆ ಹೊಗೆ, ಅದರ ಹಿಂದೆ ಒಂದು ಟ್ರಕ್. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದ. ಅವನ ಹೆಂಡತಿ ನನಗೆ ಫೋನ್ ಮಾಡಿ, "ಅಣ್ಣಾ, ಗಾಡಿ ಕೆಳಗೆ ಕಪ್ಪಗೆ ಎಣ್ಣೆ ಹರೀತಾ ಇದೆ, ಮಕ್ಕಳನ್ನ ಕೆಳಗಿಳಿಸಿದ್ದೀವಿ" ಅಂದ್ರು. ಬಿಸಿ ಎಕ್ಸಾಸ್ಟ್ ಮೇಲೆ ಆ ಎಣ್ಣೆ ಬಿದ್ದು ಬೆಂಕಿ ಹತ್ತಲಿಲ್ಲ, ಅಷ್ಟು ಪುಣ್ಯ. ಎಂಜಿನ್ ಬ್ಲಾಕಿನಲ್ಲಿ ಮುಷ್ಟಿ ಹೋಗುವಷ್ಟು ತೂತು. ಎರಡನೇ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದು ಹೊರಗೆ ಇಣುಕ್ತಾ ಇತ್ತು.

ನಾನು ಮೆಕ್ಯಾನಿಕಲ್ ಓದಿ ಕೋಡ್ ಬರೆದು ಬದುಕೋ ಲಕ್ಷಾಂತರ ಜನರಲ್ಲಿ ಒಬ್ಬ. ಕಾಲೇಜಿನಲ್ಲಿ ಓದಿದ್ದು ಮೊದಲನೇ ಸಲ ಕೆಲಸಕ್ಕೆ ಬಂದಿದ್ದು ಆವತ್ತು. ಎಂಜಿನ್ನನ್ನ ಓಢವ್ ಕಡೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಬಿಚ್ಚಿಸಿದ್ವಿ. ಅಲ್ಲಿನ ಹಿರಿಯ ಮಿಸ್ತ್ರಿಯನ್ನ ಎಲ್ಲರೂ ಕಾಕಾ ಅಂತಾರೆ. ಕಾಕಾ ಮುರಿದ ರಾಡನ್ನ ಪಕ್ಕಕ್ಕೆ ಎಸೆದು, ಮುರಿಯದೇ ಉಳಿದ ಒಂದನೇ ಮತ್ತು ಮೂರನೇ ಸಿಲಿಂಡರಿನ ಬೇರಿಂಗ್ ಶೆಲ್‌ಗಳನ್ನ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿದರು. ಮುರಿದಿದ್ದು ಏನೂ ಹೇಳಲ್ಲ, ಮುರಿಯೋದಕ್ಕೆ ಹೊರಟಿದ್ದು ಹೇಳುತ್ತೆ ಅನ್ನೋದು ಅವರ ಲೆಕ್ಕ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕ್ರ್ಯಾಶ್ ಆದ ಸರ್ವರ್ ಬಿಟ್ಟು ಪಕ್ಕದ ಸರ್ವರಿನ ಲಾಗ್ ಓದಿದ ಹಾಗೆ.

ಆ ಶೆಲ್‌ಗಳು ಏನು ಹೇಳಿದವು ಅನ್ನೋದಕ್ಕೆ ಮೊದಲು ಬಾಟಮ್ ಎಂಡ್ ಅಂದ್ರೆ ಏನು ಅಂತ ಎರಡು ಮಾತು. ಸಿಲಿಂಡರ್ ಹೆಡ್, ವಾಲ್ವ್, ಕ್ಯಾಮ್ ಎಲ್ಲ ಮೇಲಿನ ಸಂಸಾರ. ಕೆಳಗಿನದು ಬ್ಲಾಕ್, ಕ್ರ್ಯಾಂಕ್‌ಶಾಫ್ಟ್, ಕಾನ್‌ರಾಡ್, ರಾಡ್ ಬೋಲ್ಟ್, ಬೇರಿಂಗ್, ಮೇನ್ ಕ್ಯಾಪ್, ಆಯಿಲ್ ಪಂಪ್. ಪಿಸ್ಟನ್ನನ್ನೂ ಇದಕ್ಕೇ ಸೇರಿಸೋದು ವಾಡಿಕೆ. ಬೇರಿಂಗ್ ಅಂದ ತಕ್ಷಣ ವಡೋದರಾದವರಿಗೆ ಮಾಣೇಜಾದ ಶೆಫ್ಲರ್ ಕಾರ್ಖಾನೆಯ ಗುಂಡಿನ ಬೇರಿಂಗ್ ನೆನಪಾಗಬಹುದು. ಕ್ರ್ಯಾಂಕಿನ ಬೇರಿಂಗ್ ಹಾಗಲ್ಲ. ಅದರಲ್ಲಿ ಗುಂಡೂ ಇಲ್ಲ, ರೋಲರೂ ಇಲ್ಲ. ಅರ್ಧ ಬಳೆಯ ಹಾಗಿರೋ ಎರಡು ತೆಳು ಶೆಲ್, ಒಂದು ರಾಡಿನ ಕಡೆಗೆ, ಒಂದು ಕ್ಯಾಪಿನ ಕಡೆಗೆ. ಭಾರ ಹೊರೋದು ಲೋಹ ಅಲ್ಲ, ಶೆಲ್‌ಗೂ ಕ್ರ್ಯಾಂಕಿಗೂ ಮಧ್ಯೆ ಇರೋ ಎಣ್ಣೆಯ ಪದರ.

ಈಗ ಬೋರ್ಡಿನ ಲೆಕ್ಕ. ಬೋರ್ 74 ಮಿಲಿಮೀಟರ್, ಸ್ಟ್ರೋಕ್ 76, ರಾಡಿನ ಉದ್ದ 140 ಅಂತ ಇಟ್ಟುಕೊಳ್ಳೋಣ. ಪಿಸ್ಟನ್, ಪಿನ್, ರಾಡಿನ ಮೇಲ್ತುದಿ ಸೇರಿ 450 ಗ್ರಾಂ.

ಮೊದಲನೇ ಭಾರ ಎಳೆತದ್ದು. ಪಿಸ್ಟನ್ ಮೇಲಕ್ಕೆ ಹಾರಿ ಹೋಗಿ ಅಲ್ಲಿ ನಿಂತು ವಾಪಸ್ ಬರಬೇಕು. ಅದನ್ನ ಹಿಡಿದು ಕೆಳಗೆ ಎಳೆಯೋದು ರಾಡ್ ಮತ್ತು ಅದರ ಎರಡು ಬೋಲ್ಟ್. 6,000 ಆರ್‌ಪಿಎಂನಲ್ಲಿ ಈ ಎಳೆತ ಸುಮಾರು 875 ಕಿಲೋ. ಅಂದ್ರೆ ಅರ್ಧ ಕಿಲೋ ಕೂಡ ಇಲ್ಲದ ಪಿಸ್ಟನ್ ಒಂದು ಸಣ್ಣ ಕಾರಿನ ತೂಕದಲ್ಲಿ ಜಗ್ಗುತ್ತೆ. ಇದು ವೇಗದ ವರ್ಗಕ್ಕೆ ಏರುತ್ತೆ. 7,000ಕ್ಕೆ ಹೋದ್ರೆ 1,190 ಕಿಲೋ. ಆರ್‌ಪಿಎಂ ಏರಿದ್ದು ನೂರಕ್ಕೆ 17, ಎಳೆತ ಏರಿದ್ದು ನೂರಕ್ಕೆ 36. ಎಕ್ಸಾಸ್ಟ್ ಸ್ಟ್ರೋಕಿನ ತುದಿಯಲ್ಲಿ ಈ ಎಳೆತಕ್ಕೆ ಎದುರಾಗಿ ಒತ್ತೋ ಗ್ಯಾಸೂ ಇರಲ್ಲ. ಆಗ ಕ್ಯಾಪಿನ ಕಡೆಯ ಶೆಲ್ ಮೇಲೆ ಪೂರ್ತಿ ಭಾರ.

ಎರಡನೇ ಭಾರ ಒತ್ತಡದ್ದು. ಪೆಟ್ರೋಲ್ ಉರಿದಾಗ ಸಿಲಿಂಡರಿನಲ್ಲಿ 80 ಬಾರ್ ಒತ್ತಡ ಬಂದ್ರೆ ಪಿಸ್ಟನ್ ಮೇಲೆ ಮೂರೂವರೆ ಟನ್. ಬೂಸ್ಟ್ ಏರಿಸಿ ಅದನ್ನ 110 ಬಾರ್ ಮಾಡಿದ್ರೆ 4.8 ಟನ್. ದಸರಾದಲ್ಲಿ ಅಂಬಾರಿ ಹೊರೋ ಆನೆ ಐದು ಟನ್ ಆಸುಪಾಸು ತೂಗುತ್ತೆ. 1,800 ಆರ್‌ಪಿಎಂನಲ್ಲಿ ಅಂಥ ಆನೆ ಒಂದೊಂದು ಪಿಸ್ಟನ್ ಮೇಲೂ ಸೆಕೆಂಡಿಗೆ 15 ಸಲ ಕಾಲಿಟ್ಟ ಹಾಗೆ. ಈ ಭಾರ ಬೀಳೋದು ರಾಡಿನ ಕಡೆಯ ಶೆಲ್ ಮೇಲೆ.

ಕಾಕಾ ಬಿಸಿಲಿಗೆ ಹಿಡಿದಿದ್ದು ಇದನ್ನೇ. ಕ್ಯಾಪ್ ಕಡೆಯ ಶೆಲ್‌ಗಳು ಹೊಸದರ ಹಾಗೆ ಮಂದ ಬೂದು ಬಣ್ಣ. ರಾಡ್ ಕಡೆಯವು ಸವೆದು ಒಳಗಿನ ತಾಮ್ರದ ಬಣ್ಣ ಕಾಣ್ತಾ ಇತ್ತು. ಜೊತೆಗೆ ಡಯಲ್ ಗೇಜ್ ಇಟ್ಟು ಅಳೆದಿದ್ದಾಗ, ಒಂದನೇ ಸಿಲಿಂಡರಿನ ಪಿಸ್ಟನ್ ಅದರ ತುತ್ತತುದಿಯಲ್ಲಿ ಮೂರನೇದಕ್ಕಿಂತ 0.2 ಮಿಲಿಮೀಟರ್ ಕೆಳಗೇ ನಿಂತಿತ್ತು. ಅಂದ್ರೆ ರಾಡ್ ಬಾಗಿದೆ. ಗೆಳೆಯ ಅಷ್ಟು ಹೊತ್ತೂ "ನಾನು ರೆಡ್‌ಲೈನ್ ಮುಟ್ಟೇ ಇಲ್ಲ ಕಣೋ" ಅಂತ ಹೇಳ್ತಾ ಇದ್ದ. ನಿಜವೇ. ಅವನ ಎಂಜಿನ್ ಸತ್ತಿದ್ದು ಜೋರಾಗಿ ತಿರುಗಿ ಅಲ್ಲ, ನಿಧಾನವಾಗಿ ತಿರುಗ್ತಾ ತುಂಬಾ ಭಾರ ಹೊತ್ತು.

ಇಲ್ಲಿ ನನ್ನ ಮುಖ್ಯ ಮಾತು. 'ಬಾಟಮ್ ಎಂಡ್ ಗಟ್ಟಿ ಮಾಡಿಸಿ' ಅಂತ ಯಾರಾದ್ರೂ ಅಂದ್ರೆ, ಯಾವ ಭಾರಕ್ಕೆ ಅಂತ ಮೊದಲು ಕೇಳಿ. ಆರ್‌ಪಿಎಂ ಏರಿಸೋ ಎಂಜಿನ್ನಿಗೆ ಬೇಕಾದ ಔಷಧಿ ಬೇರೆ, ಟಾರ್ಕ್ ಏರಿಸೋ ಎಂಜಿನ್ನಿಗೆ ಬೇರೆ.

ನಮ್ಮ ಪಕ್ಕದಲ್ಲೇ ಎರಡಕ್ಕೂ ಉದಾಹರಣೆ ಇದೆ. ಸಾಣಂದ್‌ನ ಫೋರ್ಡ್ ಘಟಕದಲ್ಲಿ ಡ್ರ್ಯಾಗನ್ ಅನ್ನೋ ಮೂರು ಸಿಲಿಂಡರಿನ ಎಂಜಿನ್ ತಯಾರಾಗ್ತಿತ್ತು. ಅದರ 1.5 ಲೀಟರ್ ರೂಪಕ್ಕೆ ಟರ್ಬೊ ಇಲ್ಲದೇ 123 ಪಿಎಸ್. 2021ರಲ್ಲಿ ಫೋರ್ಡ್ ಇಲ್ಲಿ ಕಾರು ಮಾಡೋದು ನಿಲ್ಲಿಸಿತು, 2023ರ ಜನವರಿಯಲ್ಲಿ ಘಟಕ ಟಾಟಾ ಕೈ ಸೇರಿತು, ಆದ್ರೆ ಆ ಗಾಡಿಗಳು ಇನ್ನೂ ರಸ್ತೆಯಲ್ಲಿವೆ. ಇಂಥ ಎಂಜಿನ್ನಿನಿಂದ ಹೆಚ್ಚು ಪವರ್ ಬೇಕು ಅಂದ್ರೆ ಹೆಚ್ಚು ತಿರುಗಿಸಲೇಬೇಕು. ಅಲ್ಲಿ ಹಗುರವಾದ ಪಿಸ್ಟನ್, ಒಳ್ಳೆ ರಾಡ್ ಬೋಲ್ಟ್, ಬ್ಯಾಲೆನ್ಸಿಂಗ್ ಮೊದಲು ಬರುತ್ತೆ. ಇನ್ನೊಂದು ಕಡೆ ಹಾಂಸಲ್‌ಪುರದ ಸುಜುಕಿ ಘಟಕದಿಂದ ಬರೋ ಫ್ರಾಂಕ್ಸ್‌ನ 1.0 ಬೂಸ್ಟರ್‌ಜೆಟ್ ನೋಡಿ: 147.6 ನ್ಯೂಟನ್ ಮೀಟರ್ 2,000 ಆರ್‌ಪಿಎಂನಿಂದಲೇ ಪೂರ್ತಿ ಸಿಗುತ್ತೆ. ಸಣ್ಣ ಟರ್ಬೊಗಳ ಸ್ವಭಾವವೇ ಅದು, ಕೆಳಗಿನಿಂದಲೇ ತಳ್ಳೋದು. ರಿಮ್ಯಾಪ್ ಮಾಡೋರು ಆ ಕೆಳಗಿನ ತಳ್ಳನ್ನೇ ಇನ್ನೂ ದೊಡ್ಡದು ಮಾಡ್ತಾರೆ, ಯಾಕಂದ್ರೆ ಟೆಸ್ಟ್ ಡ್ರೈವಿನಲ್ಲಿ ಗಿರಾಕಿಗೆ ಖುಷಿ ಕೊಡೋದು ಅದೇ.

ಆ ಜಾಗ ಎಣ್ಣೆಯ ಪದರಕ್ಕೆ ಅತಿ ಕೆಟ್ಟ ಜಾಗ ಕೂಡ. ಒದ್ದೆ ರಸ್ತೆಯಲ್ಲಿ ಟೈರ್ ನೀರಿನ ಮೇಲೆ ತೇಲೋ ಹಾಗೆ ಕ್ರ್ಯಾಂಕ್ ಎಣ್ಣೆಯ ಮೇಲೆ ತೇಲುತ್ತೆ. ವೇಗ ಇದ್ರೆ ತೇಲುತ್ತೆ, ಎಣ್ಣೆ ದಪ್ಪ ಇದ್ರೆ ತೇಲುತ್ತೆ, ಭಾರ ಹೆಚ್ಚಾದ್ರೆ ಮುಳುಗುತ್ತೆ. 1,700 ಆರ್‌ಪಿಎಂ, ಆರನೇ ಗೇರ್, ಆಕ್ಸಿಲರೇಟರ್ ಪೂರ್ತಿ ಒತ್ತಿದ್ದು, ಹೊರಗೆ ಮೇ ತಿಂಗಳ 44 ಡಿಗ್ರಿ, ಸಂಪಿನಲ್ಲಿ ಕಾದು ನೀರಾಗಿರೋ ಎಣ್ಣೆ. ಇವೆಲ್ಲ ಒಟ್ಟಿಗೆ ಬಂದ್ರೆ ಕೆಲವೇ ಮೈಕ್ರಾನ್ ಇರೋ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತೆ.

ಇದೇ ಜಾಗದಲ್ಲಿ ಇನ್ನೊಂದು ಭೂತ ಇದೆ. ಸ್ಪಾರ್ಕ್ ಬರೋ ಮೊದಲೇ ಮಿಶ್ರಣ ತಾನಾಗಿ ಹೊತ್ತಿಕೊಳ್ಳೋದು. ಎಲ್‌ಎಸ್‌ಪಿಐ ಅಂತಾರೆ, ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳ ಕಾಯಿಲೆ. ಆ ಒಂದು ಏಟಿನಲ್ಲಿ ಒತ್ತಡ 200 ಬಾರ್ ದಾಟಬಹುದು. ಆನೆ ಒಂದಲ್ಲ, ಹೆಚ್ಚುಕಡಿಮೆ ಎರಡು. ರಾಡ್ ಬಾಗೋದಕ್ಕೆ ಅಂಥ ಕೆಲವು ಏಟು ಸಾಕು. ಇದನ್ನ ತಡೆಯೋ ಪರೀಕ್ಷೆ ದಾಟಿದ ಎಣ್ಣೆಗಳಿಗೆ 2020ರಿಂದ ಎಪಿಐ ಎಸ್‌ಪಿ ಅನ್ನೋ ಗುರುತು ಇದೆ. ಡಬ್ಬದ ಮೇಲೆ ನೋಡಿ ತಗೊಳ್ಳಿ. ನೂರಿನ್ನೂರು ರೂಪಾಯಿ ಉಳಿಸೋ ಜಾಗ ಇದಲ್ಲ.

ಹಾಗಾಗಿ ಟರ್ಬೊ ಗಾಡಿಯ ಬಾಟಮ್ ಎಂಡ್ ಕಾಪಾಡೋ ಮೊದಲ ಕೆಲಸಕ್ಕೆ ಖರ್ಚೇ ಇಲ್ಲ. 2,500 ಆರ್‌ಪಿಎಂ ಕೆಳಗೆ ಟಾರ್ಕನ್ನ ಕಂಪನಿಯ ಮಟ್ಟದಲ್ಲೇ ಕಟ್ಟಿಹಾಕಿ, ಮೇಲೆ ಬೇಕಾದ್ರೆ ನಿಧಾನಕ್ಕೆ ಏರಿಸಿ ಅಂತ ಟ್ಯೂನರ್‌ಗೆ ಹೇಳಬೇಕು. ಆಗಲ್ಲ ಅಂದ್ರೆ ಅವರ ಹತ್ತಿರ ಇರೋದು ಎಲ್ಲಿಂದಲೋ ತಂದ ಫೈಲ್, ನಿಮ್ಮ ಗಾಡಿಗೆ ಬರೆದಿದ್ದಲ್ಲ. ನಾವು ಆಫೀಸಿನಲ್ಲಿ ಬೇರೆಯವರ ಕೋಡ್ ಓದದೇ ಪ್ರೊಡಕ್ಷನ್‌ಗೆ ಹಾಕಲ್ಲ, ಗಾಡಿಗೆ ಮಾತ್ರ ಹಾಕಿಸ್ತೀವಿ! ಮತ್ತೆ, ಗೇರ್ ಇಳಿಸಿ ಓವರ್‌ಟೇಕ್ ಮಾಡಿ. ಅದೂ ಬಾಟಮ್ ಎಂಡ್ ಗಟ್ಟಿ ಮಾಡೋ ಕೆಲಸವೇ.

ಸರಿ, ಅದೆಲ್ಲ ಆಗಿಯೂ ಇನ್ನೂ ಪವರ್ ಬೇಕು, ಟ್ರ್ಯಾಕ್ ಡೇಗೆ ಹೋಗಬೇಕು ಅನ್ನೋರು ಎಂಜಿನ್ ಬಿಚ್ಚಲೇಬೇಕು. ಎಲ್ಲರೂ ಮೊದಲು ಕೇಳೋದು ಫೋರ್ಜ್ಡ್ ರಾಡ್. 4340 ಉಕ್ಕು, ನಮ್ಮ ಲೇತ್ ಶಾಪ್‌ಗಳಲ್ಲಿ ಇಎನ್24 ಅಂತಾರಲ್ಲ, ಹೆಚ್ಚುಕಡಿಮೆ ಅದೇ ಜಾತಿ. ಬಡಿದು ರೂಪ ಕೊಟ್ಟಾಗ ಲೋಹದ ಎಳೆ ರಾಡಿನ ಆಕಾರದಲ್ಲೇ ಹರಿಯುತ್ತೆ, ಅದಕ್ಕೇ ಬಾಗೋದು ಕಷ್ಟ. ಟಾರ್ಕ್ ಏರಿಸೋರಿಗೆ ಇದು ಸರಿಯಾದ ಖರ್ಚು. ರಾಜ್‌ಕೋಟ್ ಫೋರ್ಜಿಂಗ್‌ಗೆ, ಎಂಜಿನ್ ಬಿಡಿಭಾಗಕ್ಕೆ ದೊಡ್ಡ ಹೆಸರು. ಹಾಗಾಗಿ 'ಸ್ಯಾಂಪಲ್ ಕೊಡಿ, ಅಂಥದ್ದೇ ಮಾಡಿಸಿಕೊಡ್ತೀವಿ' ಅನ್ನೋರು ಸಿಗ್ತಾರೆ. ಸ್ಯಾಂಪಲ್ ನೋಡಿ ಆಕಾರ ನಕಲು ಮಾಡಬಹುದು, ಹೀಟ್ ಟ್ರೀಟ್‌ಮೆಂಟ್ ನಕಲು ಮಾಡೋಕಾಗಲ್ಲ. ಉಕ್ಕಿನ ಸರ್ಟಿಫಿಕೇಟು, ಗಡಸುತನದ ರಿಪೋರ್ಟು, ಬಿರುಕಿನ ಮ್ಯಾಗ್ನೆಟಿಕ್ ಪರೀಕ್ಷೆ ಮೂರೂ ಕಾಗದದಲ್ಲಿ ಕೊಡದೇ ಇದ್ರೆ ನಾನಂತೂ ತಗೊಳ್ಳಲ್ಲ.

ನನ್ನ ಪ್ರಕಾರ ರಾಡಿಗಿಂತ ಹೆಚ್ಚು ಗಮನ ಬೇಕಾಗಿರೋದು ಬೋಲ್ಟಿಗೆ. ಮೇಲೆ ಹೇಳಿದ 875 ಕಿಲೋ ಎಳೆತ ಎರಡು ಬೋಲ್ಟಿಗೆ ಹಂಚಿಕೆ ಆಗುತ್ತೆ. ಒಂದೊಂದು ಬೋಲ್ಟನ್ನೂ ಎರಡೂವರೆ ಟನ್ ಆಸುಪಾಸಿನ ಬಿಗಿತಕ್ಕೆ ಮೊದಲೇ ಎಳೆದು ಕೂರಿಸಿದ್ರೆ, ಆಮೇಲೆ ಬರೋ 440 ಕಿಲೋ ಅದಕ್ಕೆ ಗೊತ್ತೇ ಆಗಲ್ಲ. ಬಿಗಿತ ಕಮ್ಮಿ ಇದ್ರೆ 6,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 50 ಸಲ ಹಿಗ್ಗಿ ಕುಗ್ಗಿ ಒಂದು ದಿನ ದಣಿದು ತುಂಡಾಗುತ್ತೆ. ತಮಾಷೆ ಏನಂದ್ರೆ ಟಾರ್ಕ್ ವ್ರೆಂಚಿನಲ್ಲಿ ನಾವು ಹಾಕೋ ಶಕ್ತಿಯಲ್ಲಿ ನೂರಕ್ಕೆ ಸುಮಾರು 90 ಭಾಗ ಬೋಲ್ಟಿನ ತಲೆ ಮತ್ತು ಥ್ರೆಡ್ಡಿನ ಘರ್ಷಣೆಗೇ ಹೋಗುತ್ತೆ. ಥ್ರೆಡ್ಡಿಗೆ ಯಾವ ಗ್ರೀಸ್ ಹಚ್ಚಿದ್ರಿ ಅನ್ನೋದರ ಮೇಲೆ ಬಿಗಿತ ಬದಲಾಗಿಬಿಡುತ್ತೆ. ಅದಕ್ಕೇ ಎಆರ್‌ಪಿ ಥರದ ರೇಸಿಂಗ್ ಬೋಲ್ಟ್ ಕಂಪನಿಗಳು ಬೋಲ್ಟ್ ಎಷ್ಟು ಉದ್ದ ಹಿಗ್ಗಿತು ಅಂತ ಸ್ಟ್ರೆಚ್ ಗೇಜಿನಲ್ಲಿ ಅಳೀರಿ ಅಂತಾರೆ. ಕಂಪನಿಯಿಂದ ಬಂದ ಹೊಸ ಕಾಲದ ಬೋಲ್ಟ್‌ಗಳಲ್ಲಿ ಎಷ್ಟೋ ಒಂದೇ ಸಲ ಬಳಸೋವು. ಬಿಚ್ಚಿದ್ರೆ ಹೊಸದು ಹಾಕಬೇಕು, 'ಚೆನ್ನಾಗೇ ಇದೆ ಸಾರ್' ಅಂತ ಹಳೇದನ್ನೇ ಬಿಗಿಯೋದಲ್ಲ.

ಇನ್ನೊಂದು ಹಳ್ಳ. ಈಗಿನ ಹೆಚ್ಚಿನ ರಾಡ್‌ಗಳನ್ನ ಒಂದೇ ತುಂಡಾಗಿ ಮಾಡಿ, ಕ್ಯಾಪ್ ಇರೋ ಜಾಗದಲ್ಲಿ ಬೇಕಂತಲೇ ಒಡೀತಾರೆ. ಒಡೆದ ಮುಖಗಳು ಮುರಿದ ಬಿಸ್ಕತ್ತಿನ ಎರಡು ತುಂಡಿನ ಹಾಗೆ ಒಂದಕ್ಕೊಂದು ಮಾತ್ರ ಕೂರುತ್ತವೆ. ಹಳೇ ಪದ್ಧತಿಯಲ್ಲಿ ಕಲಿತ ಮಿಸ್ತ್ರಿಗಳು ಬೋರ್ ಸರಿಮಾಡೋಕೆ ಆ ಮುಖಗಳನ್ನ ಉಜ್ಜಿಬಿಡ್ತಾರೆ. ಅಲ್ಲಿಗೆ ರಾಡ್ ಮುಗೀತು. ಒಂದನೇ ರಾಡಿನ ಕ್ಯಾಪ್ ಎರಡನೇದಕ್ಕೆ ಹಾಕಿದ್ರೂ ಅಷ್ಟೇ. ಬಿಚ್ಚೋವಾಗಲೇ ಗುರುತು ಹಾಕಿಸಿ, ಫೋಟೋ ತೆಗೆದಿಟ್ಟುಕೊಳ್ಳಿ.

ಕ್ರ್ಯಾಂಕ್ ವಿಷಯದಲ್ಲಿ ಅಹಮದಾಬಾದಿನ ವಟವಾ, ನರೋಡಾ, ವಡೋದರಾದ ಮಕರಪುರಾ, ಸೂರತಿನ ಪಾಂಡೇಸರಾ, ಯಾವ ಜಿಐಡಿಸಿಗೆ ಹೋದ್ರೂ ಗ್ರೈಂಡಿಂಗ್ ಮಾಡೋರು ಇರ್ತಾರೆ. ಟ್ರ್ಯಾಕ್ಟರ್, ಟ್ರಕ್ಕಿನ ಕ್ರ್ಯಾಂಕ್ 0.25 ಮಿಲಿಮೀಟರ್ ಇಳಿಸಿ ಅಂಡರ್‌ಸೈಜ್ ಬೇರಿಂಗ್ ಹಾಕೋದು ಅವರ ದಿನದ ಕೆಲಸ. ನಿಮ್ಮ ಟರ್ಬೊ ಎಂಜಿನ್ನಿನ ಕ್ರ್ಯಾಂಕಿಗೆ ಮೇಲ್ಮೈಯಲ್ಲಿ ಮಾತ್ರ ತೆಳುವಾದ ಗಡಸು ಪದರ ಇದ್ರೆ ಗ್ರೈಂಡಿಂಗ್‌ನಲ್ಲಿ ಅದು ಹೋಗಬಹುದು, ಮತ್ತೆ ನೈಟ್ರೈಡಿಂಗ್ ಮಾಡಿಸಬೇಕಾಗುತ್ತೆ. ಜರ್ನಲ್ಲು ಗೋಡೆ ಸೇರೋ ಮೂಲೆಯ ಗುಂಡು ತಿರುವು, ಫಿಲೆಟ್ ಅಂತಾರೆ, ಅದು ಚೂಪಾದ್ರೆ ಬಿರುಕು ಶುರುವಾಗೋದು ಅಲ್ಲೇ. ಮೇನ್ ಕ್ಯಾಪಿಗೆ ಬೋಲ್ಟ್ ತೆಗೆದು ಸ್ಟಡ್ ಹಾಕಿಸಿದ್ರೆ ಬಿಗಿತ ಬದಲಾಗಿ ಬೋರಿನ ಆಕಾರವೇ ಬದಲಾಗುತ್ತೆ, ಲೈನ್ ಹೋನಿಂಗ್ ಮಾಡಿಸದೇ ಜೋಡಿಸಬಾರದು. ಅಂದಕ್ಕೆ ಹಾಕಿಸೋ ಹಗುರ ಅಲ್ಯೂಮಿನಿಯಂ ಪುಲ್ಲಿ ಬೇಡವೇ ಬೇಡ. ಕಂಪನಿ ಕೊಟ್ಟ ಪುಲ್ಲಿಯ ಒಳಗಿನ ರಬ್ಬರು ಕ್ರ್ಯಾಂಕಿನ ತಿರುಚು ಕಂಪನ ಹೀರೋದಕ್ಕೇ ಇದೆ.

ಎಲ್ಲದಕ್ಕೂ ತಳದಲ್ಲಿ ಇರೋದು ಅಳತೆ. 50 ಮಿಲಿಮೀಟರ್ ಜರ್ನಲ್ಲಿಗೆ ರೇಸಿಂಗ್‌ನವರ ಹಳೇ ಲೆಕ್ಕದಲ್ಲಿ ಕ್ಲಿಯರೆನ್ಸ್ 0.05, ಅಂದ್ರೆ ಕೂದಲೆಳೆಗಿಂತ ಕಮ್ಮಿ. ಕ್ಲಿಯರೆನ್ಸ್ ಹೆಚ್ಚಿಟ್ಟರೆ ದಪ್ಪ ಎಣ್ಣೆ, ಬಿಗಿ ಇದ್ರೆ ತೆಳು ಎಣ್ಣೆ. ಎರಡೂ ಜೋಡಿ. ಕಂಪನಿ ಕ್ಲಿಯರೆನ್ಸ್ ಇಟ್ಟುಕೊಂಡು ಸುಮ್ಮನೆ 60 ಗ್ರೇಡಿನ ಎಣ್ಣೆ ಸುರಿಯೋದು ತಪ್ಪು. ಸೂರತಿನವರಿಗೆ ಇದನ್ನ ವಿವರಿಸಬೇಕಾಗಿಲ್ಲ, ಕ್ಯಾರೆಟ್ಟಿನ ನೂರನೇ ಭಾಗಕ್ಕೂ ಬೆಲೆ ಕಟ್ಟೋ ಊರು ಅದು. ಬೋರ್ ಗೇಜ್ ಇಲ್ಲದೇ ಬೆರಳಲ್ಲಿ ಅಲ್ಲಾಡಿಸಿ 'ಬರಾಬರ್ ಛೇ' ಅನ್ನೋ ಶಾಪಿನಿಂದ ಎಂಜಿನ್ನನ್ನ ಎತ್ತಿಕೊಂಡು ಬನ್ನಿ. ನಮ್ಮ ಕಾಕಾ ಹೊಸ ಶೆಲ್ ಹಾಕಿ ಅಳೆದು, 0.02 ಹೆಚ್ಚು ಬಂತು ಅಂತ "ಆ ನಹೀಂ ಚಾಲೇ" ಅಂದು ಪೂರ್ತಿ ಸೆಟ್ ವಾಪಸ್ ಕಳಿಸಿದ್ರು. ಎರಡು ವಾರ ತಡ ಆಯ್ತು. ಗೆಳೆಯ ಗೊಣಗಿದ, ನನಗೆ ಮಾತ್ರ ಅವತ್ತೇ ಧೈರ್ಯ ಬಂದಿದ್ದು.

ಒಂದು ಅಡ್ಡಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರಕ್ಕೆ, ತಯಾರಕರ ಮೂಲ ವಿವರಣೆಗೆ ಹೊಂದದ ಬದಲಾವಣೆ ಮಾಡಬಾರದು, ಮತ್ತು ಹೇಳದೇ ಮಾಡಿಸಿದ ಬದಲಾವಣೆ ಇನ್ಶೂರೆನ್ಸ್ ಕ್ಲೇಮಿನ ಹೊತ್ತಿಗೆ ಎದ್ದು ಬರುತ್ತೆ. ನಮ್ಮ ಗೆಳೆಯನಿಗೆ ವಾರಂಟಿಯೂ ಸಿಗಲಿಲ್ಲ, ಎರಡೂವರೆ ಲಕ್ಷ ಕೈಯಿಂದಲೇ ಹೋಯ್ತು. ಕೆಎ ನಂಬರಿನ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡವರು ಜಿಜೆ ಮಾಡಿಸಬೇಕಾದ ವಿಷಯ ಬೇರೆ ಇದೆ, ಅದಕ್ಕೆ ಇನ್ನೊಂದು ವೀಡಿಯೊ ಮಾಡ್ತೀನಿ.

ಕೊನೆಗೆ ಅವನು ಏನು ಮಾಡಿಸಿದ ಅಂತ ಕಾಮೆಂಟ್‌ನಲ್ಲಿ ತುಂಬಾ ಜನ ಕೇಳಿದ್ರಿ. ಹೊಸ ಬ್ಲಾಕ್, ಕಂಪನಿ ಕ್ರ್ಯಾಂಕ್, ಕಂಪನಿ ರಾಡ್, ಹೊಸ ಬೋಲ್ಟ್, ಕಂಪನಿ ಮ್ಯಾಪ್. ಫೋರ್ಜ್ಡ್ ರಾಡಿನ ಕೊಟೇಶನ್ ಅವನ ಹತ್ತಿರ ಇತ್ತು, ಹೆಂಡತಿ ಅದನ್ನ ಓದಿ ಮಡಿಚಿ ಫ್ರಿಜ್ ಮೇಲೆ ಇಟ್ಟರು, ಅಲ್ಲೇ ಇದೆ. ಮೊದಲ 1,000 ಕಿಲೋಮೀಟರ್ ಆದಮೇಲೆ ಕಾಕಾ ಆಯಿಲ್ ಫಿಲ್ಟರ್ ಬಿಚ್ಚಿ, ಡಬ್ಬ ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನ ಒಂದೊಂದೇ ಬಿಡಿಸಿ ಮಿಂಚೋ ಚೂರು ಇದೆಯಾ ಅಂತ ಬಿಸಿಲಿನಲ್ಲಿ ಹುಡುಕಿದ್ರು. ಬರೀ ಎಣ್ಣೆ. ಮುಂದಿನ ಶನಿವಾರ ಅವನು ಮಕ್ಕಳನ್ನ ಕರಕೊಂಡು ಅದೇ ಎಕ್ಸ್‌ಪ್ರೆಸ್‌ವೇಯಲ್ಲಿ ಸೂರತ್‌ಗೆ ಹೋಗಿಬಂದ. ಗೇರ್ ಇಳಿಸಿ ಓವರ್‌ಟೇಕ್ ಮಾಡ್ತಾ ಇದ್ದಾನಂತೆ.